ಹಲ್ಲಿಲ್ಲದ ಅಜ್ಜಿಯ ಹಲ್ಲುನೋವು

ಬಾಗಿಲ ಹಿಡಿ ನನ್ನ ಕೈಗೇ ಬಂತು.

ತಿರುಗಿಸಿದ್ದು ಮೆಲ್ಲಗೇ. ಆದರೂ ಅದು ಬುಡಸಮೇತ ಕಿತ್ತುಕೊಂಡು ಬಂದು ಅಂಗೈಯಲ್ಲಿ ಕೂತಿತು. ಆಚೆ ಬದಿಯ ಹಿಡಿ ಟಣ್ ಎಂದು ಕಾರಿಡಾರಿನ ನೆಲಕ್ಕೆ ಬಿದ್ದು ಉರುಳಿಕೊಂಡು ಹೋದ ಸದ್ದು ಕೇಳಿಸಿತು. ಬಾಗಿಲು ಮಾತ್ರ ಮುಚ್ಚಿಕೊಂಡೇ ಇತ್ತು.

“ಏನ್ ಮಾಡಿದ್ರಿ ಮಾವ?” ಎಂದಳು ನನ್ನ ಅಕ್ಕನ ಮಗಳು.

“ನಾನೇನೂ ಮಾಡಿಲ್ಲ. ಅಲ್ಲಾಡ್ತಿದ್ದ ಹಲ್ಲು ತಾನಾಗೇ ಬಿತ್ತು ಅಂತ ತಿಳ್ಕೋ.”

ಅವಳು ನಗಲಿಲ್ಲ. ಹಲ್ಲಿನ ಡಾಕ್ಟರಿಗೆ ಹಲ್ಲಿನ ತಮಾಷೆ ರುಚಿಸದ ದಿನ ಅದು. ನಾಲ್ಕು ಗಂಟೆಗೆ ಪಕ್ಕದ ಕೋಣೆಯಲ್ಲಿ ದಂತ ಪರಿಷತ್ತಿನ ಮೂವರು ಸದಸ್ಯರು ಕೂತು, ಅವಳ ಲೈಸೆನ್ಸು ಉಳಿಯಬೇಕೋ ಹೋಗಬೇಕೋ ಎಂದು ತೀರ್ಮಾನಿಸುವವರಿದ್ದರು. ಆಗ ಮೂರೂ ಹತ್ತು. ನಮ್ಮನ್ನು ಕೂರಿಸಿದ ಜವಾನ ಟೀ ಕುಡಿದು ಬರುತ್ತೇನೆಂದು ಹೋಗಿದ್ದ.

ಅವಳ ಫೋನು ಎಂದಿನಂತೆ ನನ್ನ ಜೇಬಿನಲ್ಲೇ ಇತ್ತು. ನಾನು ನಿವೃತ್ತನಾದ ಮೇಲೆ ಅವಳ ಕ್ಲಿನಿಕ್ಕಿನಲ್ಲಿ ನನಗೆ ಸಿಕ್ಕಿರುವ ಹುದ್ದೆ ಅದೊಂದೇ. ಅವಳ ಎರಡೂ ಕೈ ಯಾರದೋ ಬಾಯಲ್ಲಿರುವಾಗ ಫೋನು ಹಿಡಿದುಕೊಂಡು ಕೂರುವುದು. ತೆರೆಯುವ ನಾಲ್ಕು ಅಂಕಿ ನಾನು ಹುಟ್ಟಿದ ವರ್ಷ. “ಇಬ್ಬರಿಗೂ ಮರೆಯಲ್ಲ” ಎಂದು ಅವಳೇ ಇಟ್ಟಿದ್ದಳು.

ಅಂಕಿ ಒತ್ತಿ ಪರಿಷತ್ತಿನ ಕಚೇರಿಗೆ ಫೋನು ಮಾಡಿದೆ. ಗೋಡೆಯಾಚೆ ಅದು ಬಡಿದುಕೊಳ್ಳುವುದು ನಮಗೇ ಕೇಳುತ್ತಿತ್ತು. ಎತ್ತುವವರಿರಲಿಲ್ಲ.

ಕೋಣೆಯಲ್ಲಿ ಒಂದಕ್ಕೊಂದು ಬೆಸೆದ ಐದು ಕುರ್ಚಿ, ಒಂದು ತಣ್ಣೀರಿನ ಯಂತ್ರ, ಕಂಬಿ ಹಾಕಿದ ಒಂದು ಕಿಟಕಿ. ಕಿಟಕಿಯಾಚೆ ಪಕ್ಕದ ಕಟ್ಟಡದ ಬೋಳು ಗೋಡೆ. ಫ್ಯಾನು ತಿರುಗುತ್ತಿತ್ತೇ ಹೊರತು ಗಾಳಿ ಬರುತ್ತಿರಲಿಲ್ಲ. ಜನವೂ ಐದೇ. ನಾವಿಬ್ಬರು ಈ ತುದಿಗೆ, ನಮ್ಮ ಮೇಲೆ ದೂರು ಕೊಟ್ಟ ಮೂವರು ಆ ತುದಿಗೆ. ಹಾವು ಮುಂಗುಸಿಯನ್ನು ಒಂದೇ ಬುಟ್ಟಿಯಲ್ಲಿ ಹಾಕಿ ಮುಚ್ಚಿದ ಜವಾನನಿಗೆ ನಾನು ಮನಸ್ಸಿನಲ್ಲೇ ಸಹಸ್ರನಾಮಾರ್ಚನೆ ಮಾಡಿದೆ.

ಮೂವರಲ್ಲಿ ಒಬ್ಬ ಇಸ್ತ್ರಿ ಅಂಗಡಿಯವನು. ಅವನ ಪಕ್ಕ ಅವನ ಹೆಂಡತಿ. ಇನ್ನೊಬ್ಬ, ಫೋನಿನಲ್ಲಿ ಡಾಕ್ಟರನ್ನು ತೋರಿಸುವ ಕಂಪನಿಯ ಅಧಿಕಾರಿ. ಅವನ ಟೈ ಎಷ್ಟು ಬಿಗಿಯಾಗಿತ್ತೆಂದರೆ ಟೈಸಾಹೇಬರು ಎಂದೇ ನಾನು ಹೆಸರಿಟ್ಟಿದ್ದೆ.

ಕಥೆ ಒಂದೇ ಸಾಲಿನದು. ಇಸ್ತ್ರಿಯವನ ತಾಯಿ, ಎಪ್ಪತ್ತೊಂದರ ಅಜ್ಜಿ, ನಮ್ಮ ಡಾಕ್ಟ್ರಮ್ಮ ಫೋನಿನಲ್ಲಿ ನೋಡಿ ಬರೆದುಕೊಟ್ಟ ಹಲ್ಲುನೋವಿನ ಮಾತ್ರೆ ನುಂಗಿ, ಅದು ಮೈಗೆ ಒಗ್ಗದೆ, ಒಂಬತ್ತು ದಿನದಿಂದ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು. ಮತ್ತು ಆ ಅಜ್ಜಿಯ ಬಾಯಲ್ಲಿ ಒಂದೇ ಒಂದು ಹಲ್ಲೂ ಇರಲಿಲ್ಲ.

ಹಲ್ಲಿಲ್ಲದವಳಿಗೆ ಹಲ್ಲುನೋವಿನ ಮಾತ್ರೆ! ಊರೆಲ್ಲ ಹಲ್ಲು ಕಿರಿಯಿತು. ಬಾಯಿಯನ್ನೇ ನೋಡದೆ ಬರೆದಿದ್ದಾಳೆ ಎಂಬುದು ದೂರು. ನೋಡಿದ್ದೇನೆ, ಆ ಬಾಯಲ್ಲಿ ಹಲ್ಲಿತ್ತು, ಕೊನೆಯ ದವಡೆ ಹಲ್ಲಿನ ಸುತ್ತ ಕೀವಿತ್ತು ಎಂಬುದು ಇವಳ ವಾದ. ಆ ದಿನದ ಚಿತ್ರಗಳನ್ನು ಕಂಪನಿ ಏಳು ದಿನಕ್ಕೇ ಅಳಿಸಿಹಾಕಿತ್ತು. ಸಾಕ್ಷಿಯೆಂದರೆ ಇವಳ ನೆನಪೊಂದೇ.

ಮತ್ತೆ ಇವಳ ತಪ್ಪೂ ಒಂದಿತ್ತು. ಅದನ್ನು ದೂರು ಬಂದ ದಿನವೇ ಇವಳು ನನ್ನೆದುರು ಒಪ್ಪಿಕೊಂಡಿದ್ದಳು.

“ಮೊದಲು ಮುಖ ತೋರಿಸಿ ಅನ್ನಬೇಕಿತ್ತು ಮಾವ. ಹೆಸರು ಹೇಳಿಸಬೇಕಿತ್ತು. ಅದು ನಿಯಮ. ಫೋನು ತೆಗೆದ್ರೆ ತೆರೆ ತುಂಬಾ ಬರೀ ಬಾಯಿ. ಮೇಲ್ಗಡೆ ಅಜ್ಜಿ ಹೆಸರು, ವಯಸ್ಸು. ನನ್ನ ಕಣ್ಣು ಸೀದಾ ಹಲ್ಲಿಗೆ ಹೋಯ್ತು. ಮಾತು ಕೇಳಿಸ್ತಿರಲಿಲ್ಲ, ಅವರು ಟೈಪ್ ಮಾಡ್ತಿದ್ರು. ‘ನುಂಗಕ್ಕಾಗ್ತಿಲ್ಲ ಅಕ್ಕ, ಏನಾದ್ರೂ ಕೊಡಿ ಅಕ್ಕ’ ಅಂತ.”

“ಎಪ್ಪತ್ತೊಂದರ ಅಜ್ಜಿ ನಲವತ್ತರ ನಿನ್ನನ್ನ ಅಕ್ಕ ಅಂದ್ರೆ ಅನುಮಾನ ಬರ್ಲಿಲ್ವಾ?”

“ಹಲ್ಲುನೋವು ಬಂದ್ರೆ ಎಲ್ಲರೂ ಮಕ್ಕಳಾಗ್ತಾರೆ.”

ನಾನು ಬೈಯಬಹುದಿತ್ತು, ಬೈಯಲಿಲ್ಲ. ದರ್ಜಿಯ ಕಣ್ಣು ಅಂಗಿಯ ಮೇಲೆ. ಪೊಲೀಸಿನ ಬೆರಳಗುರುತು ವಿಭಾಗದಲ್ಲಿ ಮೂವತ್ತೊಂದು ವರ್ಷ ಸವೆಸಿದ ನಾನೂ ಅಷ್ಟೇ. ದಾರಿಯಲ್ಲಿ ಸಿಕ್ಕವರ ಮುಖ ಮರೆಯುತ್ತೇನೆ, ಹೆಬ್ಬೆರಳು ಮರೆಯುವುದಿಲ್ಲ.

“ಕೂತ್ಕೊಳ್ರೀ, ಬಾಗಿಲು ಒದ್ದರೆ ಸರ್ಕಾರಿ ಆಸ್ತಿ ಹಾಳಾಗುತ್ತೆ,” ಎಂದರು ಟೈಸಾಹೇಬರು.

“ನಾನೆಲ್ಲಿ ಒದ್ದೆ?”

“ಒದೆಯೋ ಹಾಗೆ ನಿಂತಿದ್ರಿ.”

ಸೆಖೆಗೆ ಎಲ್ಲರ ಗಂಟಲೂ ಒಣಗಿತ್ತು. ಟೈಸಾಹೇಬರು ಎದ್ದು ಕಾಗದದ ಲೋಟದಲ್ಲಿ ನೀರು ಹಿಡಿದು ಎರಡು ಲೋಟ ಗಟಗಟ ಇಳಿಸಿದರು. ಇಸ್ತ್ರಿಯವನು ಒಂದು ಕುಡಿದು, ಇನ್ನೊಂದನ್ನು ಹೆಂಡತಿಗೆ ತಂದುಕೊಟ್ಟ.

ಅವಳು ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಅತ್ತೆಯ ದುಃಖವೆಂದು ಎಲ್ಲರೂ ತಿಳಿದಿದ್ದೆವು. ಆ ಸೆಖೆಯಲ್ಲೂ ಶಾಲನ್ನು ಕಿವಿಯವರೆಗೆ ಸುತ್ತಿಕೊಂಡಿದ್ದಳು. ಲೋಟವನ್ನು ತುಟಿಗಿಟ್ಟು ತಲೆಯನ್ನು ಎಡಕ್ಕೆ ವಾಲಿಸಿದಳು. ನೀರು ಒಳಗೆ ಹೋಗಲಿಲ್ಲ, ಕಟವಾಯಿಯಿಂದ ಇಳಿದು ಶಾಲು ಸೇರಿತು. ಅವಳ ಕಣ್ಣಲ್ಲಿ ನೀರಾಡಿತು.

ಹಾಗೆ ವಾಲಿಸಿ ಕುಡಿಯುವುದು ನನಗೆ ಚೆನ್ನಾಗಿ ಗೊತ್ತು. ನನ್ನ ಬಲಗಡೆಯ ಹಲ್ಲೊಂದು ಎರಡು ವರ್ಷದಿಂದ ಹಾಳಾಗಿದೆ. ಮನೆಯಲ್ಲೇ ಡಾಕ್ಟರಿದ್ದರೂ ತೋರಿಸಿಲ್ಲ, ಹೆದರಿಕೆ. ನೋವಿರುವ ಕಡೆಗೆ ತಣ್ಣೀರು ತಾಗದಂತೆ ತಲೆ ತಾನಾಗಿಯೇ ವಾಲುತ್ತದೆ.

ನಾನು ಅಕ್ಕನ ಮಗಳತ್ತ ನೋಡಿದೆ. ಅವಳು ನನಗಿಂತ ಮೊದಲೇ ನೋಡಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

“ಅವಳೇ ಅಲ್ವಾ?” ಪಿಸುಗುಟ್ಟಿದೆ.

“ಯಾರು?”

“ಆ ಬಾಯಿ.”

“ಸುಮ್ನಿರಿ ಮಾವ.”

“ಹೌದು ಅನ್ನು, ಇಲ್ಲ ಅನ್ನು. ಒಂದೇ ಮಾತು.”

“ಯಾರ ಬಾಯಲ್ಲಿ ಏನಿದೆ ಅಂತ ನಾನು ಯಾರಿಗೂ ಹೇಳೋ ಹಾಗಿಲ್ಲ. ಹೆಸರು ಯಾರದ್ದೇ ಇರ್ಲಿ, ಬಾಯಿ ತೋರಿಸಿದವರು ನನ್ನ ರೋಗಿ. ಹೇಳೋದಾದ್ರೆ ಅವರೇ ಹೇಳ್ಬೇಕು.”

“ನಿನ್ನ ಲೈಸೆನ್ಸು ಹೋಗುತ್ತೆ ಕಣೇ!”

“ಹೇಳಿದ್ರೂ ಹೋಗುತ್ತೆ. ಹೋಗ್ಬೇಕು ಕೂಡ.”

ಅತ್ತ ದರಿ, ಇತ್ತ ಪುಲಿ. ನನಗೆ ತಡೆಯಲಾರದಷ್ಟು ಕೋಪ ಬಂತು. ಕಣ್ಣೆದುರಿಗೇ, ಮೂರು ಮಾರು ದೂರದಲ್ಲಿ, ಇವಳನ್ನು ಉಳಿಸುವ ಸಾಕ್ಷಿ ಶಾಲು ಹೊದ್ದು ಕೂತಿದೆ. ಬಾ ಎಂದು ಕರೆಯುವಂತಿಲ್ಲ, ಬಾಯಿ ತೆರೆ ಎನ್ನುವಂತಿಲ್ಲ. ಎದ್ದು ಹೋಗೋಣವೆಂದರೆ ಬಾಗಿಲಿಲ್ಲ.

ಇಸ್ತ್ರಿಯವನ ಹೆಂಡತಿ ಒಮ್ಮೆ ಉಸಿರೆಳೆದುಕೊಂಡಳು. ಗಂಟಲಲ್ಲಿ ಏನೋ ಸಿಕ್ಕಿಕೊಂಡಂಥ ಸದ್ದು.

ಅಷ್ಟೇ. ನಮ್ಮ ಡಾಕ್ಟ್ರಮ್ಮ ಎದ್ದೇಬಿಟ್ಟಳು. ಕೋಣೆ ದಾಟಿ ಅವಳ ಮುಂದೆ ಮೊಣಕಾಲೂರಿ ಕೂತಳು.

“ಅಮ್ಮಾ, ಎರಡು ಬೆರಳು ಬಾಯೊಳಗೆ ಹೋಗುತ್ತಾ? ಒಂದರ ಮೇಲೊಂದು ಇಟ್ಟು ನೋಡಿ. ನಾನು ಮುಟ್ಟಲ್ಲ, ನೀವೇ ನೋಡಿ.”

“ಡಾಕ್ಟ್ರೇ!” ಟೈಸಾಹೇಬರು ನೆಟ್ಟಗಾದರು. “ದೂರುದಾರರ ಹತ್ತಿರ ನೀವು ಮಾತಾಡೋ ಹಾಗಿಲ್ಲ. ಸಮಯ ಮೂರೂ ಇಪ್ಪತ್ತೆರಡು. ನಾನಿದನ್ನ ಬರ್ಕೋತೀನಿ.”

“ಬರ್ಕೊಳ್ಳಿ.”

“ನಮ್ಮಮ್ಮನ್ನ ಮಲಗಿಸಿದ್ದು ಸಾಲದಾ?” ಇಸ್ತ್ರಿಯವನು ಎದ್ದು ನಿಂತ. ಬಡಕಲು ಮನುಷ್ಯ, ಆದರೆ ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಬಲಗೈ ಕಬ್ಬಿಣವಾಗಿತ್ತು. “ಇವಳ ತಂಟೆಗೆ ಬರ್ಬೇಡಿ. ದೂರ ಹೋಗಿ.”

“ಹೋಗ್ತೀನಿ. ಇವರಿಗೆ ಜ್ವರ ಎಷ್ಟು ದಿನದಿಂದ ಇದೆ ಹೇಳಿ, ಹೋಗ್ತೀನಿ.”

ಅವನು ತಬ್ಬಿಬ್ಬಾದ. “ಜ್ವರಾನಾ? ಯಾರಿಗೆ ಜ್ವರ?”

ಹೆಂಡತಿಯ ಎರಡು ಬೆರಳು ತುಟಿಯವರೆಗೆ ಬಂದು ಅಲ್ಲೇ ನಿಂತಿದ್ದವು. ಒಂದು ಬೆರಳೂ ಹೋಗುತ್ತಿರಲಿಲ್ಲ. ಶಾಲು ಜಾರಿತು. ದವಡೆಯ ಕೆಳಗೆ, ಕತ್ತಿನವರೆಗೆ, ಕೆಂಪಗೆ ಬಾತುಕೊಂಡಿತ್ತು.

“ಮಾವ, ಆಂಬುಲೆನ್ಸಿಗೆ ಫೋನ್ ಮಾಡಿ. ನಾಲ್ಕನೇ ಮಹಡಿ, ಬಾಗಿಲು ಒಡೆಯೋಕೆ ಏನಾದ್ರೂ ತರ್ಬೇಕು ಅಂತ ಹೇಳಿ. ಈ ಬಾವು ಇನ್ನೊಂದು ಬೆರಳು ಕೆಳಗಿಳಿದ್ರೆ ಉಸಿರು ನಿಲ್ಲುತ್ತೆ.”

ನಾನು ಫೋನು ಮಾಡಿದೆ. ಇಪ್ಪತ್ತು ನಿಮಿಷ ಎಂದರು. ಫೋನು ಇಟ್ಟವನೇ ಕೂಗಿಬಿಟ್ಟೆ.

“ಈಗಲಾದ್ರೂ ಹೇಳೇ! ಅವತ್ತು ನೋಡಿದ್ದು ಇದೇ ಬಾಯಿ ಅಂತ ಹೇಳು!”

“ಮಾವ, ಬಾಯಿ ಮುಚ್ಕೊಳ್ಳಿ,” ಎಂದಳು. ಹುಟ್ಟಿದಾಗಿನಿಂದ ಅವಳು ನನಗೆ ಹಾಗೆ ಹೇಳಿದ್ದು ಅದೇ ಮೊದಲು.

ಇಸ್ತ್ರಿಯವನು ನನ್ನನ್ನೂ ಹೆಂಡತಿಯನ್ನೂ ಬದಲಿಸಿ ಬದಲಿಸಿ ನೋಡಿದ. ಹೆಂಡತಿ ಗಂಡನನ್ನು ನೋಡಲಿಲ್ಲ. ಮಡಿಲಲ್ಲಿದ್ದ ಫೋನನ್ನು ಎತ್ತಿಕೊಂಡು ಎರಡೂ ಹೆಬ್ಬೆರಳಿಂದ ಟೈಪ್ ಮಾಡತೊಡಗಿದಳು. ಬಲು ಚುರುಕು. ಮುಗಿಸಿ ತೆರೆಯನ್ನು ಡಾಕ್ಟ್ರಮ್ಮನ ಕಡೆ ತಿರುಗಿಸಿದಳು.

ಡಾಕ್ಟ್ರಮ್ಮ ಓದಿ ಕಣ್ಣು ಮುಚ್ಚಿಕೊಂಡಳು. “ಇದನ್ನ ಇವರಿಗೆ ತೋರಿಸ್ಬೇಕು ಅಂತ ನಿಮಗೆ ಇಷ್ಟ ಇದೆಯಾ? ಇಲ್ಲ ಅಂದ್ರೆ ನನ್ನಲ್ಲೇ ಇರುತ್ತೆ.”

ಅವಳು ಫೋನನ್ನು ಗಂಡನ ಕೈಗಿಟ್ಟಳು. ಅವನು ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದ.

“ಅಕ್ಕ, ಅವತ್ತು ಬಾಯಿ ತೋರಿಸಿದ್ದು ನಾನೇ ಅಕ್ಕ. ಅರವತ್ತು ದಾಟಿದವರಿಗೆ ಕಾಯೋದಿಲ್ಲ, ಸೀದಾ ಡಾಕ್ಟ್ರು ಸಿಗ್ತಾರೆ. ನನ್ನ ಹೆಸರಲ್ಲಿ ಹಾಕಿದ್ರೆ ಮೂರು ದಿನ ಅಂತ ಬಂತು. ತಡೆಯೋಕಾಗ್ಲಿಲ್ಲ, ಅತ್ತೆ ಹೆಸರು ಹಾಕ್ದೆ. ಎರಡು ದಿನದಲ್ಲಿ ಖುದ್ದಾಗಿ ಬನ್ನಿ ಅಂದಿದ್ರಿ, ಸಿಕ್ಕಿಬೀಳ್ತೀನಿ ಅಂತ ಬರ್ಲಿಲ್ಲ.”

ಅವನು ಹೆಂಡತಿಯನ್ನೊಮ್ಮೆ ನೋಡಿ ಉಳಿದದ್ದನ್ನು ಓದಿದ.

“ಆದ್ರೆ ಆ ಮಾತ್ರೆ ಹದಿನೈದೂ ನಾನೇ ನುಂಗಿದೀನಿ. ಒಂದೂ ಉಳಿದಿಲ್ಲ. ಅತ್ತೆಗೆ ಕೊಟ್ಟಿದ್ದು ಆಮೇಲೆ ಬಂದ ಪೊಟ್ಟಣ. ಅದನ್ನ ಯಾರು ಕಳಿಸಿದ್ರು ಅಕ್ಕ?”

ಇಸ್ತ್ರಿಯವನು ಹೆಂಡತಿಯನ್ನು ಹೊಡೆಯುತ್ತಾನೆ ಎಂದುಕೊಂಡು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವನು ಹೊಡೆಯಲಿಲ್ಲ. ಕುಸಿದು ಕುರ್ಚಿಯಲ್ಲಿ ಕೂತ.

“ನನ್ನ ಹತ್ರ ಹೇಳಕ್ಕೇನಾಗಿತ್ತೇ ನಿಂಗೆ?” ಎಂದ. ಅವನ ಮುಖ ನೋಡಲು ನನಗೇ ಕಷ್ಟವಾಯಿತು.

ದುಃಖಕ್ಕೆ ಆಮೇಲೆ ಹೊತ್ತಿತ್ತು, ಪ್ರಶ್ನೆಗೆ ಇರಲಿಲ್ಲ. “ಆ ಪೊಟ್ಟಣ ಯಾವತ್ತು ಬಂತಪ್ಪಾ?” ಎಂದು ಕೇಳಿದೆ.

“ಹದಿನಾಲ್ಕನೇ ತಾರೀಖು. ಅಂಗಡಿ ಮುಂದೆ ನಾನೇ ಕೈಚಾಚಿ ತಗೊಂಡೆ. ಮೇಲೆ ಅಮ್ಮನ ಹೆಸರು, ಡಾಕ್ಟ್ರ ಹೆಸರು, ದಿನಕ್ಕೆ ಮೂರು. ಮಂಡಿನೋವಿಗೆ ಅಮ್ಮನೇ ಕೇಳಿ ತರಿಸಿರ್ಬೇಕು ಅಂದ್ಕೊಂಡೆ. ಡಾಕ್ಟ್ರು ಹೇಳಿದ್ಮೇಲೆ ಮುಗೀತಲ್ಲ ಅಂತ ಮೊದಲನೇದನ್ನ ನಾನೇ ಅಮ್ಮನ ಬಾಯಿಗೆ ಹಾಕ್ದೆ.”

“ನಾನು ಬರೆದಿದ್ದು ಐದನೇ ತಾರೀಖು, ಒಂದೇ ಸಲ, ಹದಿನೈದು ಮಾತ್ರೆ,” ಎಂದಳು ಡಾಕ್ಟ್ರಮ್ಮ. ಅವಳು ರೋಗಿಯನ್ನು ಮುಂದಕ್ಕೆ ಬಾಗಿಸಿ ಕೂರಿಸಿ ಬೆನ್ನಿಗೆ ಕೈ ಕೊಟ್ಟಿದ್ದಳು. “ಎರಡನೇ ಸಲ ನಾನು ಬರೆದೇ ಇಲ್ಲ.”

ನಾನು ಟೈಸಾಹೇಬರ ಕಡೆ ತಿರುಗಿದೆ. ಅವರು ಕಡತವನ್ನು ಎದೆಗವಚಿಕೊಂಡು ಗೋಡೆಗೆ ಒರಗಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ಬಹಳ ಕಂಡಿದ್ದೇನೆ.

“ಪರಿಷತ್ತಿಗೆ ಕೊಟ್ಟ ಕಾಗದದಲ್ಲಿ ಈ ಎರಡನೇ ಪೊಟ್ಟಣದ ಸುದ್ದಿಯೇ ಇಲ್ವಲ್ಲ ಸಾಹೇಬ್ರೇ?”

“ಕೇಳಿಲ್ಲ, ಕೊಟ್ಟಿಲ್ಲ.”

“ಈಗ ಕೇಳ್ತಿದೀನಿ. ಡಾಕ್ಟ್ರು ಬರೀದೇ ನಿಮ್ಮ ಕಂಪನಿ ಮಾತ್ರೆ ಹಂಚುತ್ತಾ? ಬಾಯಿ ನೋಡಿಲ್ಲ, ಮುಖ ನೋಡಿಲ್ಲ, ರೋಗ ವಾಸಿಯಾಯ್ತಾ ಅಂತ ಕೇಳಿಲ್ಲ. ಯಂತ್ರ ತಾನಾಗೇ ಇನ್ನೊಂದು ಸುತ್ತು ಕಳಿಸ್ತು. ಸಿಕ್ಕಿಬಿದ್ದ ಮೇಲೆ ಡಾಕ್ಟ್ರ ತಲೆಗೆ ಕಟ್ಟಿದ್ರಿ. ಹೌದು ತಾನೇ?”

ನನ್ನ ಎದೆ ಉಬ್ಬಿತ್ತು. ಸುಳ್ಳೇಕೆ, ಗೆದ್ದೆ ಎಂದುಕೊಂಡಿದ್ದೆ. ಮೂವತ್ತೊಂದು ವರ್ಷದ ಅನುಭವ ಸುಮ್ಮನೆ ಹೋಗುತ್ತದೆಯೇ ಎಂದುಕೊಂಡಿದ್ದೆ.

ಟೈಸಾಹೇಬರು ಕಡತ ಬಿಚ್ಚಿದರು. ಹೆದರಿದವರ ಕೈ ಅಲ್ಲ ಅದು, ರೇಗಿದವರ ಕೈ.

“ಯಂತ್ರ ತಾನಾಗಿ ಕಳಿಸಲ್ಲ ಸ್ವಾಮಿ. ಕೇಳುತ್ತೆ. ತಗೊಳ್ಳಿ, ಓದಿ. ಹದಿಮೂರನೇ ತಾರೀಖು, ಮಧ್ಯಾಹ್ನ ಹನ್ನೆರಡು ಹದಿನೇಳು. ‘ಇದೇ ಔಷಧ ಇನ್ನೊಂದು ಸುತ್ತು ಕಳುಹಿಸಬಹುದೇ?’ ಅಂತ ನಮ್ಮ ಪ್ರಶ್ನೆ. ‘ಹೌದು’ ಅಂತ ಉತ್ತರ. ಕೆಳಗೆ ನಾಲ್ಕು ಅಂಕಿಯ ಗುಟ್ಟಿನ ಸಹಿ. ಬಂದಿದ್ದು ಡಾಕ್ಟ್ರ ಫೋನಿಂದಾನೇ. ಈಗ ಹೇಳಿ, ಯಾರು ಯಾರ ತಲೆಗೆ ಕಟ್ತಿದ್ದಾರೆ?”

ಹದಿಮೂರು. ಮಧ್ಯಾಹ್ನ.

ಕ್ಲಿನಿಕ್ಕಿನ ಕುರ್ಚಿಯಲ್ಲಿ ಒಬ್ಬ ದಪ್ಪ ಬಸ್ ಡ್ರೈವರ್ ಮಲಗಿದ್ದ. ಅವನ ಹಲ್ಲು ಎಷ್ಟು ಎಳೆದರೂ ಬರುತ್ತಿರಲಿಲ್ಲ. ಇವಳು ಬೆವರು ಸುರಿಸುತ್ತ ಇಕ್ಕಳ ಹಿಡಿದು ನಿಂತಿದ್ದಳು. ಫೋನು ಟಿಂಗ್ ಎಂದಿತು. ಮತ್ತೆ ಟಿಂಗ್. ಮತ್ತೆ. ತಲೆ ಚಿಟ್ಟು ಹಿಡಿದು, “ಏನೋ ಕಳಿಸಬಹುದಾ ಅಂತ ಕೇಳ್ತಿದ್ದಾರೆ ಕಣೇ,” ಎಂದೆ. “ಹೂಂ ಮಾವ, ನೋಡಿ,” ಎಂದಳು, ತಿರುಗದೆಯೇ.

ನೋಡು ಎಂದಿದ್ದಳು. ನಾನು ನೋಡಲಿಲ್ಲ, ಒತ್ತಿದೆ. ಕನ್ನಡಕ ಮೇಜಿನ ಮೇಲಿತ್ತು, ಯಾರು ಏಳುತ್ತಾರೆ ಎಂದು ಹಾಗೆಯೇ ಒತ್ತಿದೆ. ನಾಲ್ಕು ಅಂಕಿ ಕೇಳಿತು. ನಾನು ಹುಟ್ಟಿದ ವರ್ಷ ಕೊಟ್ಟೆ. ಸದ್ದು ನಿಂತಿತು. ಸಮಾಧಾನವಾಗಿ ಪೇಪರು ಓದಿದೆ.

ಅಜ್ಜಿಯನ್ನು ಮಲಗಿಸಿದ ಬೆರಳನ್ನು ಇಷ್ಟು ದಿನ ನಾನು ಊರೆಲ್ಲ ಹುಡುಕಿದ್ದೆ.

ತಲೆ ಎತ್ತಿದಾಗ ಅಕ್ಕನ ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳಿಗೂ ಡ್ರೈವರ್ ನೆನಪಾಗಿದ್ದ. ಆ ಕಣ್ಣಿನಲ್ಲಿ ಕೋಪವಿದ್ದಿದ್ದರೆ ಒಳ್ಳೆಯದಿತ್ತು.

ಅಷ್ಟರಲ್ಲಿ ಬಾಗಿಲ ಆಚೆ ಕರಕರ ಸದ್ದಾಯಿತು. ಸ್ಕ್ರೂಡ್ರೈವರ್ ತೂರಿಸಿ ಜವಾನ ಬಾಗಿಲು ತೆಗೆದ. ಅವನ ಹಿಂದೆ ಸ್ಟ್ರೆಚರ್ ಹಿಡಿದ ಇಬ್ಬರು ಮೆಟ್ಟಿಲು ಹತ್ತಿ ಬಂದರು. ಡಾಕ್ಟ್ರಮ್ಮ ರೋಗಿಯನ್ನು ಒರಗಿಸಿಯೇ ಕೂರಿಸಿ, ಮಲಗಿಸಬೇಡಿ, ಮಲಗಿಸಿದರೆ ಉಸಿರು ಕಟ್ಟುತ್ತದೆ ಎಂದು ಹೇಳುತ್ತ ಬಾಗಿಲು ದಾಟಿದಳು. ಇಸ್ತ್ರಿಯವನು ಹೆಂಡತಿಯ ಕೈ ಹಿಡಿದುಕೊಂಡೇ ಹೋದ.

“ಡಾಕ್ಟ್ರೇ, ನೀವು ಹೋಗೋ ಹಾಗಿಲ್ಲ! ನಾಲ್ಕಕ್ಕೆ ವಿಚಾರಣೆ!” ಎಂದರು ಟೈಸಾಹೇಬರು.

“ಉಸಿರಾಟದ ದಾರಿ ಮುಚ್ತಿರೋ ರೋಗಿನ ಬಿಟ್ಟು ವಿಚಾರಣೆಗೆ ಕೂತ್ರೆ ಆ ಲೈಸೆನ್ಸು ಇಟ್ಕೊಂಡು ನಾನೇನು ಮಾಡ್ಲಿ?”

ಜವಾನ ಕೈಯಲ್ಲಿದ್ದ ಚೀಟಿ ನೋಡಿದ. “ಡಾಕ್ಟ್ರ ಕಡೆ ಸಾಕ್ಷಿ ಯಾರ್ರೀ? ಅವರನ್ನೇ ಮೊದಲು ಕರೀತಿದ್ದಾರೆ.”

ಸಾಕ್ಷಿ ನಾನೇ. ಅವಳು ಬೇಡ ಬೇಡವೆಂದರೂ ಹೆಸರು ಬರೆಸಿದ್ದೆ. ಬಾಗಿಲ ಹಿಡಿಯನ್ನು ಜವಾನನ ಕೈಗಿಟ್ಟು, ಆ ‘ಹೌದು’ ಒತ್ತಿದ ಬೆರಳು ನನ್ನದೇ ಎಂದು ಹೇಳಲು ಒಳಗೆ ನಡೆದೆ.